ಅರ್ಧ ಪುಟ

“ಇಷ್ಟವಾಯಿತು, ಇಷ್ಟವಾಗಲಿಲ್ಲ, ಇವೆರಡು ಬಿಟ್ಟು
ಏನಾದರೂ ಬರೆಯಿರಿ. ಅರ್ಧ ಪುಟ ಸಾಕು,”
ಎನ್ನುತ್ತಾರೆ ಒರ್ತೆನ್ಸಿಯಾ ಮೇಡಂ,
ಪ್ರೊಜೆಕ್ಟರಿನ ಹಲ್ಲುಗಳಿಗೆ ರೀಲು ಸಿಕ್ಕಿಸುತ್ತ,
ಸೂಜಿಗೆ ದಾರ ಪೋಣಿಸುವವರ ಹಾಗೆ ನಾಲಗೆ ಕಚ್ಚಿಕೊಂಡು.

ಆಗಸ್ಟು. ವಾಲ್ಪರೈಸೊದಲ್ಲಿ ಚಳಿಗಾಲ.
ಕಡಲಿಂದೆದ್ದ ಮಂಜು ಗುಡ್ಡ ಹತ್ತಿ ಬಂದು
ತರಗತಿಯ ಕಿಟಕಿಗೆ ಮುಖ ಒತ್ತಿದೆ.
ಪರದೆ ಎಳೆಯಬೇಕಾಗಿರಲಿಲ್ಲ. ಆದರೂ ಎಳೆದರು.

ಮೊದಲ ಚಿತ್ರ ಒಂದು ಗೋಡೆ.
ಅಷ್ಟೆ. ಗೋಡೆ.
ಇಪ್ಪತ್ತಾರು ನಿಮಿಷ.
ಐದನೆಯ ನಿಮಿಷಕ್ಕೆ ಸಿಟ್ಟು ಬಂತು,
ಒಂಬತ್ತಕ್ಕೆ ಹಸಿವು,
ಆಮೇಲೆ ಬಾಗಿಲ ಸಂದಿಯಿಂದ ಬೀದಿನಾಯಿಯೊಂದು ನುಗ್ಗಿ
ಬೆಳಕಿಗೆ ಅಡ್ಡ ನಿಂತು ಮೈ ಕೊಡವಿತು.
ಗೋಡೆಯ ಮೇಲೆ ಎರಡು ಕಿವಿ!
ಇಡೀ ಚಿತ್ರದಲ್ಲಿ ನಟನೆ ಅಂತ ಇದ್ದದ್ದು ಅದೊಂದೇ.
ರಾಯೆನ್ ಬಿದ್ದು ಬಿದ್ದು ನಕ್ಕಳು.
ನವೆಲ್ ಆಗಲೇ ಗೊರಕೆಯಲ್ಲಿದ್ದ.

ನಾನು ನಗಲಿಲ್ಲ. ನನಗೆ ಈ ಗೋಡೆ ಗೊತ್ತು.
ವಾರಕ್ಕೆ ನಾಲ್ಕು ರಾತ್ರಿ ಬಂದರಿನ ಕಾವಲು ಕೋಣೆಯಲ್ಲಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು ಇದನ್ನೇ:
ಆರು ಪರದೆ, ಆರರಲ್ಲೂ ಕಂಟೇನರುಗಳ ಬೆನ್ನು,
ಹಳದಿ ದೀಪ, ಏನೂ ಆಗದಿರುವುದು.
ಏನೂ ಆಗದಿದ್ದರೆ ಅಲ್ಲಿ ಸಂಬಳ.
ಇಲ್ಲಿ ಅದಕ್ಕೇ ನಾನು ಫೀಸು ಕಟ್ಟಿದ್ದೇನೆ.

ಈ ಲೆಕ್ಕ ಅಮ್ಮನಿಗೆ ಹೇಳಿಲ್ಲ.
ಮೀನುಕಟ್ಟೆಯಿಂದ ಬಂದವಳು ಬೂಟು ಕಳಚುತ್ತ
“ಇವತ್ತು ಯಾವ ಸಿನಿಮಾ?” ಎಂದು ಕೇಳುತ್ತಾಳೆ.
ಪ್ರೇಮಕಥೆ, ಎನ್ನುತ್ತೇನೆ.
“ಕೊನೆಗೆ ಕೂಡಿದರಾ?”
ಕೂಡಿದರು.

ಎರಡನೆಯದಕ್ಕೆ ಕ್ಯಾಮೆರಾವೇ ಇಲ್ಲ.
ಯಾರೋ ಒಬ್ಬಾಕೆ, ಮಗು ಮಲಗಿದ ಮೇಲೆ,
ಅಡುಗೆಮನೆಯ ಮೇಜಿನಲ್ಲಿ ಎರಡು ವರ್ಷ ಕೂತು
ರೀಲಿನ ಮೈಯನ್ನು ಮೊಳೆಯಿಂದ ಗೀರಿದ್ದಂತೆ.
ನಾಲ್ಕು ನಿಮಿಷ ಗೆರೆಗಳ ಆಲಿಕಲ್ಲು.
ಕಣ್ಣು ಮುಚ್ಚಿಕೊಂಡೆ; ರೆಪ್ಪೆಯ ಒಳಗೂ ಸುರಿಯಿತು.
ತಲೆನೋವು ಬಂತು ಎಂದು ಬರೆಯಬಹುದೇ?
ಆ ಮಗು ಎದ್ದು ಅಳಲಿಲ್ಲವೇ ಎಂದು?

ಮೂರನೆಯದರಲ್ಲಿ ಹೆಂಗಸೊಬ್ಬಳು ಕೈ ತೊಳೆಯುತ್ತಾಳೆ.
ತೊಳೆದು ಮುಗಿಯುವ ಮೊದಲೇ ಮತ್ತೆ ತೊಳೆಯುತ್ತಾಳೆ.
ಮತ್ತೆ.
ಹದಿಮೂರನೆಯ ಸಲವೋ ಹದಿನಾಲ್ಕೋ,
ನನ್ನ ಮೂಗಿಗೆ ನಿಂಬೆಹಣ್ಣು ಬಡಿಯಿತು.
ಹೇಕ್ ಮೀನಿನ ನಾತ ಹೋಗಲೆಂದು
ಅಮ್ಮ ಬೆರಳ ಸಂದಿಗೆಲ್ಲ ತಿಕ್ಕುವ ನಿಂಬೆ.
ಆಗಲೇ ಆ ಕೈ ನಿಂತಿತು.
ಹೆಬ್ಬೆರಳ ಬುಡದಲ್ಲಿ ಕಂದು ಚುಕ್ಕಿ,
ಚುಕ್ಕಿಗೆ ಅಂಚು, ಅಂಚಿಗೆ ಬೊಬ್ಬೆ,
ಬೊಬ್ಬೆ ಒಡೆದು ಬಿಳಿ.
ನಾವು ಯಾರೂ ಅಲುಗಲಿಲ್ಲ. ಚಿತ್ರವೇ ಹೀಗೆ ಅಂದುಕೊಂಡೆವು.
“ಎಂಥ ಧೈರ್ಯದ ಅಂತ್ಯ!” ಎಂದು ರಾಯೆನ್ ಬರೆದುಕೊಂಡಳು.
ಆಮೇಲೆ ಸುಟ್ಟ ವಾಸನೆ.
ಮೇಡಂ ನಾಯಿಯನ್ನು ಎಡವಿಕೊಂಡು ಓಡಿದರು.

ದೀಪ ಹಾಕಿದಾಗ ಅವರು ರೀಲಿನ ಗಾಯಕ್ಕೆ
ಉಫ್ ಉಫ್ ಎಂದು ಊದುತ್ತಿದ್ದರು,
ಬಿದ್ದ ಮಗುವಿನ ಮಂಡಿಗೆ ಊದುವ ಹಾಗೆ.
“ಇದೊಂದೇ ಪ್ರತಿ ಇದ್ದದ್ದು.”
ಕತ್ತರಿ ತಂದರು, ಟೇಪು ತಂದರು,
ಸುಟ್ಟದ್ದನ್ನು ಕತ್ತರಿಸಿ ಇನ್ನೇನು ಎಸೆಯಬೇಕು,
ನಾನು ಕೈ ಚಾಚಿದೆ.
ಏನೂ ಕೇಳದೆ ಕೊಟ್ಟರು.

ಆ ರಾತ್ರಿ ಕಾವಲಿನ ಪುಸ್ತಕದಲ್ಲಿ
ಗಂಟೆಗೊಮ್ಮೆ ಬರೆಯುವ “ಏನೂ ಇಲ್ಲ”ದ ಜಾಗದಲ್ಲಿ
ಬರೆದುಬಿಟ್ಟೆ: ೩.೨೦. ನಾಲ್ಕನೆಯ ಪರದೆ.
ಮಂಜು ಎಡದಿಂದ ಬಂತು. ಕ್ರೇನಿನ ಕತ್ತಿನವರೆಗೆ ಬಂದು,
ಹಿಂದೆ ಸರಿದು, ಮತ್ತೆ ಬಂತು.
ಬೆಳಿಗ್ಗೆ ಬಾಸಿಲಿಯೊ ಎರಡು ಸಲ ಓದಿದ.
“ಕಳ್ಳತನವಾ?”
ಅಲ್ಲ.
“ಮತ್ತೆ?”
ಮತ್ತೇನಿಲ್ಲ.

ಮೇಡಮ್ಮಿಗೆ ಕೊಡಬೇಕಾದ ಹಾಳೆ ಇನ್ನೂ ಖಾಲಿ.
ಜೇಬಿನಲ್ಲಿ ಉಗುರಿನಷ್ಟಗಲದ ಸುಟ್ಟ ಚೌಕ.
ಮನೆಗೆ ಬಂದರೆ ಅಮ್ಮ ಕೆಲಸಕ್ಕೆ ಹೊರಟಿದ್ದಳು,
ಬ್ರೆಡ್ಡಿಗೆ ಅವಕಾಡೊ ಹಚ್ಚುತ್ತ, ನಿಂತೇ ತಿನ್ನುತ್ತ.
“ಕೊನೆಗೆ ಕೂಡಿದರಾ?”
ಈ ಸಲ ಸುಟ್ಟುಹೋಯಿತಮ್ಮ.
“ಅಯ್ಯೋ. ಒಳ್ಳೆಯವಳಿದ್ದಳಾ?”
ಮುಖ ತೋರಿಸಲಿಲ್ಲ, ಅಂದೆ.
ಕೈ ನಿನ್ನ ಹಾಗೇ ಇತ್ತು.